ಹೆಜಮಾಡಿ ಕೋಡಿ, ಈ ವರ್ಷದ್ದು

ನುಡಿನಮನ ಸಭೆಯ ಪರದೆಯ ಮೇಲೆ ಮೊದಲು ಬಂದದ್ದು ಮಂಜು ಮುಸುಕಿದ ಒಂದು ಹಸಿರು ಬೆಟ್ಟ. ಬೆಟ್ಟದ ಬುಡದಲ್ಲಿ ಏಳೆಂಟು ಕುರಿಗಳು. ಕುರಿಗಳ ಪಕ್ಕದಲ್ಲಿ, ಯಾವುದೋ ಗುರುತಿನ ಚೀಟಿಯಿಂದ ಕತ್ತರಿಸಿ ಅಂಟಿಸಿದ, ತೀರಿಕೊಂಡವರ ಮುಖ. ಹಿನ್ನೆಲೆಗೆ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಬ್ಯಾಗ್‌ಪೈಪಿನ ಮೊರೆತ. ಅವರು ಬದುಕಿನಲ್ಲಿ ಬ್ಯಾಗ್‌ಪೈಪ್ ಮುಟ್ಟಿದವರಲ್ಲ. ಕುರಿಯನ್ನೂ ಊಟದ ತಟ್ಟೆಯ ಹೊರಗೆ ಮುಟ್ಟಿದ್ದು ನಾನು ನೋಡಿಲ್ಲ.

"ನಮ್ಮ ಕರಾವಳಿಯಲ್ಲಿ ಅರಳಿದ ಸ್ಕಾಟ್ಲೆಂಡಿನ ಹೂವು" ಎಂದರು ಸಂಯೋಜಕರು. ಈ ಸಂಯೋಜಕರು ಯಾರೆಂದರೆ, ನಮ್ಮ ಕಡೆ ಎಲ್ಲಿ ಶಾಲು ಹೊದೆಸುವುದಿದ್ದರೂ ಆ ಶಾಲಿನ ಒಂದು ತುದಿಯನ್ನು ಹಿಡಿದು ಕ್ಯಾಮೆರಾ ನೋಡುತ್ತಾ ನಿಂತಿರುವವರು. ಸತ್ತವರಿಗೆ ಶಾಲು ಹೊದೆಸಲಾಗದ ಕಾರಣ ಅಂದು ಅವರ ಕೈ ಖಾಲಿ ಇತ್ತು. ಆ ಖಾಲಿ ಕೈಯನ್ನು ಎದೆಯ ಮೇಲಿಟ್ಟುಕೊಂಡು ಅವರು ಮಾತಾಡಿದರು.

ಉಡುಪಿಯ ಆ ಸಭಾಂಗಣದಲ್ಲಿ ಸೌಂಡ್ ಬಾಕ್ಸುಗಳ ಹಿಂದೆ ವೈರುಗಳ ನಡುವೆ ಕೂತಿದ್ದವನು ನಾನು. ಕಾಪುವಿನ ಒಂದು ಸೌಂಡ್ಸ್ ಅಂಗಡಿಯಲ್ಲಿ ನನಗೆ ಕೆಲಸ. ಮೈಕು ಕಟ್ಟುತ್ತೇನೆ, ಬಿಚ್ಚುತ್ತೇನೆ, ಎರಡು ಡ್ಯಾನ್ಸುಗಳ ನಡುವೆ ಹುಡುಗಿಯರು ಬಟ್ಟೆ ಬದಲಿಸಿ ಬರುವ ತನಕ ಸ್ಟೇಜಿಗೆ ಹೋಗಿ ಮಿಮಿಕ್ರಿ ಮಾಡುತ್ತೇನೆ. ರಾಜಕಾರಣಿ, ಕಂಡಕ್ಟರ್, ಬೆಕ್ಕು, ಮಿಕ್ಸಿ. ನನಗೆ ನಿಜವಾಗಿ ಸಿಟ್ಟು ಬಂದರೂ ಯಾರೂ ನಂಬುವುದಿಲ್ಲ. ಯಾರದೋ ಸಿಟ್ಟನ್ನು ಮಾಡಿ ತೋರಿಸುತ್ತಿದ್ದೇನೆ ಅಂದುಕೊಂಡು ನಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ನನ್ನ ಮುಖ ಕಾಣುವುದಿಲ್ಲವಲ್ಲ.

ತೀರಿಕೊಂಡವರ ಪರಿಚಯ ನನಗೆ ಆದದ್ದೂ ಮೈಕಿನ ಎದುರಿಗೇ. ಅಂಗಡಿಯ ಹೊರಗೆ ಒಂದು ಹೊಸ ಸೆಟ್ ಚೆಕ್ ಮಾಡುತ್ತಿದ್ದೆ. ಹಲೋ ಹಲೋ ಅನ್ನುವುದು ನನಗೆ ಬೇಜಾರು. ಹಾಗಾಗಿ ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸನ್ನು ಬಾಯಲ್ಲೇ ಓಡಿಸುತ್ತಿದ್ದೆ: ಗೇರು, ಹಾರನ್, ಕಂಡಕ್ಟರನ ಸೀಟಿ, ಹಿಂದಿನ ಸೀಟಿನ ಮಗುವಿನ ಅಳು, ಎಲ್ಲವೂ. ಸುತ್ತ ನಾಲ್ಕು ಜನ ನಗುತ್ತಿದ್ದರು. ಎಡಗಾಲು ಎಳೆಯುತ್ತಾ ದಾಟಿ ಹೋಗುತ್ತಿದ್ದ ಒಬ್ಬರು ನಿಂತು ಪೂರ್ತಿ ಕೇಳಿದರು. ನಗಲಿಲ್ಲ.

"ಇದು ಎಲ್ಲಿಯ ಬಸ್ಸು?"

"ಕಾರ್ಕಳ."

"ಕಾರ್ಕಳಕ್ಕೆ ಮುಟ್ಟಿತಾ?"

"ಮುಟ್ಟಿತು."

"ಹಿರಿಯಡ್ಕದಲ್ಲಿ ನಿಲ್ಲಲೇ ಇಲ್ಲ ಅಲ್ವಾ ಮಾರಾಯ. ಡ್ರೈವರ್ ಚಾ ಕುಡಿಯುವುದೆಲ್ಲಿ?"

ಹೀಗೆಂದವರೇ ಅಂಗಿಯ ಒಳಗಿನಿಂದ ಗೇಣುದ್ದದ ಒಂದು ತಗಡಿನ ಕೊಳಲು ತೆಗೆದರು. ಆರು ತೂತು, ತುದಿಯಲ್ಲಿ ಬಣ್ಣ ಹೋದ ಹಸಿರು ಪ್ಲಾಸ್ಟಿಕ್ಕಿನ ಬಾಯಿ. ಜಾತ್ರೆಯ ಪೀಪಿ ಅಂದುಕೊಂಡೆ. "ಹಿರಿಯಡ್ಕ" ಅಂತ ಹೆಸರು ಹೇಳಿ ಊದಿದರು. ತಕಿಟ ತಕಿಟ ಅಂತ ಓಡಿಕೊಂಡು ಬಂದದ್ದು ಅರ್ಧದಲ್ಲಿ ನಿಂತೇ ಹೋಯಿತು. ಮುಗಿಯಿತು ಅಂದುಕೊಂಡು ನಾನು ಬಾಯಿ ತೆರೆದೆ. ಅವರು ಒಂದು ಬೆರಳು ಎತ್ತಿದರು. ಒಂದು ಲೋಟ ಚಹಾ ಅರ್ಧ ಕುಡಿಯುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಅದೇ ರಾಗ, ಈಗ ಏರುದಾರಿಯಲ್ಲಿ ಹೋಗುವ ಹಾಗೆ, ಮೂಡು ದಿಕ್ಕಿಗೆ ಹೊರಟಿತು. ನಾನು ಆ ದಾರಿಯಲ್ಲಿ ಎಷ್ಟೋ ಸಲ ಹೋದವನು, ಆ ಬಸ್ಸನ್ನು ಮಾಡಿ ಎಷ್ಟೋ ಚಪ್ಪಾಳೆ ಗಿಟ್ಟಿಸಿದವನು. ಆ ನಿಲುಗಡೆ ನನ್ನ ಕಿವಿಗೆ ಬಿದ್ದಿರಲೇ ಇಲ್ಲ.

ಅವರ ಚರಿತ್ರೆ ಬರೆಯುವುದು ನನ್ನ ಕೆಲಸವಲ್ಲ, ಗೊತ್ತಿರುವುದೂ ಸ್ವಲ್ಪವೇ. ಕಾಪುವಿನ ಮೀನುಗಾರರ ಮನೆಯವರು. ಹಡಗು, ಗಲ್ಫು ಅಂತೆಲ್ಲ ತಿರುಗಿ, ಕೊನೆಗೆ ಸ್ಕಾಟ್ಲೆಂಡಿನ ಈಶಾನ್ಯ ದಡದ ಒಂದು ಬಂದರಿನ ಮೀನಿನ ಬೋಟಿನಲ್ಲಿ ಕೆಲವು ವರ್ಷ ಬಲೆ ಎಳೆದರು. ಅಲ್ಲಿ ಒಂದು ದಿನ ಹಗ್ಗ ಸುತ್ತುವ ಯಂತ್ರಕ್ಕೆ ಮೊಣಕಾಲು ಸಿಕ್ಕಿತು. ಊರಿಗೆ ಬರುವಾಗ ಕೈಯಲ್ಲಿದ್ದದ್ದು ಒಂದು ಕುಂಟು ಕಾಲು ಮತ್ತು ಆ ಪೀಪಿ. ಅವರ ಹೆಂಡತಿ ಕಾಪು ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾರೆ. ಅವರು ಹೇಳುವುದು ಹೀಗೆ: "ಬೇರೆಯವರ ಗಂಡಂದಿರು ಫಾರಿನ್‌ನಿಂದ ಸೆಂಟು, ಕಂಬಳಿ ತಂದರು. ನನ್ನವರು ಗಾಳಿ ತಂದರು."

ಅಲ್ಲಿನ ಬಂದರಿನಲ್ಲಿ ಬೋಟು ನಿಂತ ಶನಿವಾರಗಳಲ್ಲಿ ಮೀನು ಹರಾಜಿನ ಕಟ್ಟಡದ ಮಾಳಿಗೆಯಲ್ಲಿ ಜನ ಸೇರಿ ಬಾರಿಸುತ್ತಿದ್ದರಂತೆ. ಪಿಟೀಲು, ಕೊಳಲು, ಹಾರ್ಮೋನಿಯಂನಂಥದ್ದು. "ಹಳೆಯ ಹಾಡುಗಳಾ?" ಅಂತ ಕೇಳಿದ್ದೆ.

"ಹಳತೂ ಉಂಟು. ಆದರೆ ಹೆಚ್ಚಿನದು ಹೋದ ವಾರದ್ದು ಮಾರಾಯ."

ಅಲ್ಲಿನ ಹೊಸ ತಲೆಮಾರಿನವರು ತಮ್ಮ ಊರಿನ ಗುಡ್ಡ, ಬೋಟು ಕಟ್ಟುವ ಧಕ್ಕೆ, ಕೆಸರು ದಾರಿ ಯಾವುದನ್ನೂ ಬಿಡುವುದಿಲ್ಲ, ಎಲ್ಲದರ ಮೇಲೂ ಟ್ಯೂನ್ ಕಟ್ಟುತ್ತಾರೆ. ಗಾಳಿಯಂತ್ರ ನೆಟ್ಟ ಬೆಟ್ಟಕ್ಕೊಂದು, ಓಡಾಟ ನಿಲ್ಲಿಸಿದ ದೋಣಿಗೊಂದು, ಅಣೆಕಟ್ಟಿನಲ್ಲಿ ಮುಳುಗಿದ ಕಣಿವೆಗೊಂದು. ಒಬ್ಬಳು ಹುಡುಗಿ ತಾನು ಕೆಲಸಕ್ಕೆ ಹೋಗುವ ಬಸ್‌ಸ್ಟಾಪಿನ ಮೇಲೆ ಕಟ್ಟಿದ್ದಳಂತೆ. ಬಾರಿಸುವ ಮೊದಲು ಜಾಗದ ಹೆಸರು ಹೇಳಬೇಕು, ಆಮೇಲೆ ಕಟ್ಟಿದವರ ಹೆಸರು. ಹೇಳದೆ ಬಾರಿಸಿದರೆ ಯಾರೂ ಬೈಯುವುದಿಲ್ಲ. ಎಲ್ಲರೂ ತಮ್ಮ ಲೋಟವನ್ನು ನೋಡುತ್ತಾ ಕೂರುತ್ತಾರೆ. ಆ ಹುಡುಗಿಯೇ ಒಂದು ಶನಿವಾರ ಇವರನ್ನು ಕೇಳಿದಳು, ನಿನ್ನ ಜಾಗದ ಟ್ಯೂನ್ ಯಾವುದು ಅಂತ. ಇವರು ಒಂದು ಸಿನಿಮಾ ಹಾಡು ಹೇಳಿದರು. ಚೆನ್ನಾಗಿದೆ, ಇದು ಎಲ್ಲಿಯದು ಅಂತ ಅವಳು ಮತ್ತೆ ಕೇಳಿದಳು.

"ಅವಳು ಕೇಳಿದ್ದಕ್ಕೆ ಈಗ ಉತ್ತರ ಕೊಡ್ತಾ ಇದ್ದೇನೆ" ಅನ್ನುತ್ತಿದ್ದರು, ಅಂಗಡಿಯ ಮುಂದಿನ ಖಾಲಿ ಸ್ಪೀಕರಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಾ.

ಉತ್ತರ ಉದ್ದ ಇತ್ತು. ಉಡುಪಿ ಹತ್ತಿರದ ಸಂತೆಕಟ್ಟೆಯ ಮೇಲೆ ಒಂದು ಕಟ್ಟಿದ್ದರು: ಎರಡು ಸ್ವರ ಮುಂದೆ, ಮೂರು ಸ್ವರ ಹಿಂದೆ, ಹೆದ್ದಾರಿ ದಾಟಲು ನಿಂತವರ ಹಾಗೆ, ಕೊನೆಗೂ ಅದು ದಾಟುವುದೇ ಇಲ್ಲ. ಕಾರ್ಕಳದ ಬೆಟ್ಟದ ಮೆಟ್ಟಿಲಿಗೆ ಒಂದು ಇತ್ತು. ಅದನ್ನು ಏದುಸಿರು ಬರದೆ ಊದಿದರೆ "ನೀನು ಹತ್ತಲಿಲ್ಲ, ಫೋಟೋ ನೋಡಿ ಬಂದೆ" ಅನ್ನುತ್ತಿದ್ದರು. ಕಾಪುವಿನ ಕಡಲತೀರದ ದೀಪಸ್ತಂಭದ ಮೇಲೆ ಮಾತ್ರ ಕಟ್ಟಲಿಲ್ಲ. ಎಂತಕ್ಕೆ ಅಂದರೆ, "ಅಲ್ಲಿ ಬಂದವರೆಲ್ಲ ಅದಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೀತಾರೆ. ಅದರ ಮುಖ ಹೇಗುಂಟು ಅಂತ ಯಾರಿಗೂ ಬೇಡ. ಮತ್ತೆ ಟ್ಯೂನ್ ಯಾರಿಗೆ?"

ನಿಂತು ನೋಡದ ಜಾಗಕ್ಕೆ ಸ್ವರ ಹಾಕುವುದಿಲ್ಲ ಎನ್ನುವುದು ಅವರ ಹಟ. ಅವರ ಬಾಡಿಗೆ ಮನೆಯ ಪಕ್ಕದಲ್ಲಿ ಬಾಗಲಕೋಟೆ ಕಡೆಯ ಒಬ್ಬ ಗಾರೆ ಕೆಲಸದವನಿದ್ದ. ಅವನು ದಿನಾ ಕೇಳುತ್ತಿದ್ದ, "ಅಣ್ಣಾರ, ನಮ್ಮೂರ ಮ್ಯಾಲ ಒಂದ್ ಕಟ್ಟ್ರಲ್ಲ."

"ನಾನು ನಿಮ್ಮ ಊರಲ್ಲಿ ನಿಂತಿಲ್ಲ ಮಾರಾಯ."

"ಅಲ್ಲೇನೈತ್ರಿ ನಿಂದ್ರಾಕ, ಬರೇ ಬಯಲು."

ಕುಂಟು ಕಾಲು ಹೊತ್ತುಕೊಂಡು ಬಸ್ಸು ಹಿಡಿದು ಹೋಗಿ ಆ ಬಯಲಿನಲ್ಲಿ ಒಂದು ಹಗಲು ನಿಂತು ಬಂದರು. ಬಂದು ಊದಿದ್ದರಲ್ಲಿ ಸ್ವರಗಳೇ ಇರಲಿಲ್ಲ ಅನ್ನಬೇಕು, ಒಂದು ಉದ್ದ ಉಸಿರು, ಬಹಳ ದೂರದಲ್ಲಿ ಇನ್ನೊಂದು. ನಾನು ನಗಲು ಸಿದ್ಧನಾದೆ. ಗಾರೆಯವನು ಕೈಯ ಸಿಮೆಂಟು ಒರೆಸಿಕೊಂಡು ಹೇಳಿದ, "ಇದು ಶಾಲಿ ದಾಟಿದ ಮ್ಯಾಲ ಬರೋ ಹಾದಿ ಐತಿ ನೋಡ್ರಿ. ಅಲ್ಲೇ ಐತಿ ನಮ್ಮ ಹೊಲ." ನಾನು ನಗುವನ್ನು ವಾಪಸ್ ನುಂಗಿದೆ. ಮಿಮಿಕ್ರಿಯವನಿಗೆ ಅದು ಬಹಳ ಕಷ್ಟದ ಕೆಲಸ.

ಆದರೆ ಅವರ ಜೀವ ಇದ್ದದ್ದು ಹೆಜಮಾಡಿ ಕೋಡಿಯಲ್ಲಿ. ಅಲ್ಲಿ ಹೊಳೆ ಮತ್ತು ಕಡಲಿನ ನಡುವೆ ಮರಳಿನ ಒಂದು ನಾಲಗೆ ತೆಂಕಕ್ಕೆ ಚಾಚಿಕೊಂಡಿದೆ, ಅದನ್ನೇ ಕೋಡಿ ಅನ್ನುವುದು. ಅದರ ತುದಿಯಲ್ಲಿ ಹೊಳೆ ಕಡಲನ್ನು ಸೇರುವ ಅಳಿವೆ ಬಾಗಿಲು. ಪ್ರತಿ ಮಳೆಗಾಲದಲ್ಲೂ ಹೊಳೆಯ ನೀರು ಆ ಮರಳನ್ನು ಕಡಿದು, ಹೊತ್ತು, ಬೇರೆ ಕಡೆ ಸುರಿಯುತ್ತದೆ. ಒಂದು ವರ್ಷ ನಾಲಗೆ ಉದ್ದ, ಒಂದು ವರ್ಷ ಗಿಡ್ಡ, ಬಾಗಿಲು ಆಚೆಗೊಮ್ಮೆ ಈಚೆಗೊಮ್ಮೆ. ಜಾಗವೇ ನಿಲ್ಲದ ಮೇಲೆ ಟ್ಯೂನ್ ಹೇಗೆ ನಿಲ್ಲುತ್ತದೆ?

ಹಾಗಾಗಿ ಮಳೆ ಕಳೆದ ಕೂಡಲೇ ಅವರು ಹೋಗಿ ಅಳೆಯುತ್ತಿದ್ದರು. ಬಲೆ ಇಡುವ ಕೊಟ್ಟಿಗೆಯ ಕೊನೆಯ ಕಂಬಕ್ಕೆ ಬೆನ್ನು ತಾಗಿಸಿ ಹೊರಡುವುದು. ಬಲಗಾಲು ಚಿಕ್ಕದಾಗಿ ಊರುವುದು, ಎಡಗಾಲು ಉದ್ದಕ್ಕೆ ಎಳೆಯುವುದು. ನೂರು ಹೆಜ್ಜೆಗೆ ಟ್ಯೂನಿನ ಒಂದು ಸುತ್ತು. ಪಾದ ಒದ್ದೆಯಾದಲ್ಲಿ ಕೊನೆಯ ಸ್ವರ. ಆ ಚಿಕ್ಕ-ಉದ್ದ ನಡಿಗೆಯೇ ಅದರ ತಾಳ. ಸ್ಕಾಟ್ಲೆಂಡಿನ ಸಂಗೀತದಲ್ಲೂ ಹಾಗೇ ಒಂದು ಚಿಕ್ಕ ಸ್ವರ ಎಡವಿ ಉದ್ದ ಸ್ವರಕ್ಕೆ ಬೀಳುತ್ತದಂತೆ. "ಅವರ ತಾಳ ಮೊದಲೇ ಕುಂಟುತ್ತಿತ್ತು. ನಾನು ಆಮೇಲೆ ಸೇರಿಕೊಂಡೆ" ಅಂತ ನಗುತ್ತಿದ್ದರು.

ಅಳೆದು ಬಂದು ದೋಣಿಗಳ ಹತ್ತಿರ ನಿಂತು, "ಹೆಜಮಾಡಿ ಕೋಡಿ, ಈ ವರ್ಷದ್ದು" ಅಂತ ಹೇಳಿ ಊದುವರು. ಬಲೆ ಹೊಲಿಯುತ್ತಾ ಕೂತ ದೋಣಿಯವರು ತಲೆ ಎತ್ತದೆ ಕೇಳುವರು. "ಹಾಂ, ಹಾಗೇ ಉಂಟು" ಅಂದರೆ ಆಯಿತು. "ನಡುವೆ ಒಂದು ಕಡೆ ತಗ್ಗು ಉಂಟು, ಅದು ಬರ್ಲಿಲ್ಲ" ಅಂದರೆ ಇವರು ವಾಪಸ್ ಕಂಬದ ಹತ್ತಿರ ಹೋಗುವರು. ಇಂಥ ವಿಮರ್ಶಕರು ಯಾವ ಅಕಾಡೆಮಿಯಲ್ಲಿದ್ದಾರೆ ಹೇಳಿ.

ನಾನು ಕಲಿತ ವರ್ಷ ಕೋಡಿ ಆರು ಸುತ್ತು ಇತ್ತು. ಕಲಿತೆ ಅಂದರೆ, ಎರಡು ಸಲ ಕೇಳಿ ತುಟಿಯಲ್ಲೇ ಸೀಟಿ ಹಾಕಿ ತೋರಿಸಿದೆ. ತಗಡಿನ ಆ ಸಣ್ಣ ಬಿರುಕು ದನಿಯ ಸಮೇತ. ಕಣ್ಣು ಮುಚ್ಚಿದರೆ ಅವರೇ. ಮರುವರ್ಷ ಮಳೆ ಕಳೆದ ಮೇಲೆ ಅದನ್ನೇ ಅವರ ಎದುರು ಬಾರಿಸಿ ಹೊಗಳಿಕೆಗೆ ಕಾದೆ.

"ಇದು ಹೋದ ವರ್ಷದ್ದು. ಈ ಸಲ ಐದೇ ಸುತ್ತು. ನಿನ್ನ ಟ್ಯೂನ್ ನಂಬಿ ಬಂದ ಬೋಟು ಬಾಗಿಲು ತಪ್ಪಿ ಆಚೆ ದಡಕ್ಕೆ ಹತ್ತುತ್ತದೆ" ಎಂದರು. ಎಡಗಾಲು ನೀವಿಕೊಂಡು, "ಮತ್ತೆ, ಇದು ಎರಡೂ ಕಾಲು ಸರಿ ಇರುವವನ ಟ್ಯೂನ್."

"ರೆಕಾರ್ಡ್ ಮಾಡಿ ಇಡುವ" ಅಂದೆ. ನಮ್ಮ ಅಂಗಡಿಯಲ್ಲಿ ಎಲ್ಲ ಸಾಮಾನೂ ಇದೆ.

"ಬೇಡ. ಮುಂದಿನ ಮಳೆಗೆ ಅದು ಸುಳ್ಳು ಹೇಳ್ತದೆ."

ಈಗ ಸಂಯೋಜಕರ ಕತೆಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಜನಪದ ಉತ್ಸವವೊಂದಕ್ಕೆ ನಮ್ಮದೇ ಸೌಂಡ್ಸ್ ಇತ್ತು. ನಾನೇ ಹಲ್ಲು ಗಿಂಜಿ ಇವರಿಗೆ ಐದು ನಿಮಿಷ ಕೇಳಿದೆ. ಸಂಯೋಜಕರು ಅರ್ಧ ಟ್ಯೂನ್ ಕೇಳಿ, ಕನ್ನಡಕ ಸರಿಮಾಡಿ, ನಿಧಾನವಾಗಿ ಹೇಳಿದರು: "ಇದು ನಮ್ಮದಲ್ಲವಲ್ಲ. ವಿದೇಶದ್ದರ ಅನುಕರಣೆ. ಜಾನಪದ ಎಂದರೆ ಮಣ್ಣಿನಿಂದ ಬರಬೇಕು."

ಇವರು ತಮ್ಮ ಚಪ್ಪಲಿ ನೋಡಿಕೊಂಡರು. ಅದರ ತುಂಬ ಹೆಜಮಾಡಿಯ ಮರಳಿತ್ತು.

ನನಗೆ ಈಗಲೂ ಮೈ ಉರಿಯುವುದು ಆ ಅನುಕರಣೆ ಎಂಬ ಮಾತಿಗೆ. ಅನುಕರಣೆ ಏನೆಂದು ಜಿಲ್ಲೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾನು ಅದನ್ನು ಹೊಟ್ಟೆಪಾಡಿಗೆ ಮಾಡುತ್ತೇನೆ. ಅಲ್ಲಿನವರು ತಮ್ಮ ಕಾಲ ಕೆಳಗೆ ನೋಡಿದರು, ಇವರು ತಮ್ಮ ಕಾಲ ಕೆಳಗೆ ನೋಡಿದರು. ನಕಲು ಮಾಡಿದ್ದರೆ ಇವರು ಅಲ್ಲಿನ ಬೆಟ್ಟದ ಮೇಲೆ ಊದುತ್ತಿದ್ದರು, ಶಾಲು ಸಿಗುತ್ತಿತ್ತು. ಆ ಉತ್ಸವದಲ್ಲಿ ಆಮೇಲೆ ಪ್ಲಾಸ್ಟಿಕ್ ಭತ್ತದ ಪೈರು ಹಿಡಿದು, ಸಿನಿಮಾ ಧಾಟಿಯ ಟ್ರ್ಯಾಕಿಗೆ ಕುಣಿದ ತಂಡಕ್ಕೆ ಮೊದಲ ಬಹುಮಾನ ಬಂತು. ಟ್ರ್ಯಾಕ್ ಒತ್ತಿದವನು ನಾನೇ. ಮಣ್ಣಿನಿಂದ ಬಂದದ್ದು ನನ್ನ ಪೆನ್ ಡ್ರೈವಿನಿಂದ ಬಂತು.

ಆದರೆ ನನ್ನ ಪಾಲಿನದನ್ನೂ ಹೇಳಬೇಕು. ಅವರಿಗೆ ಸ್ಕಾಟ್ಲೆಂಡಣ್ಣ ಎಂದು ಅಡ್ಡಹೆಸರು ಇಟ್ಟವನು ನಾನು. ಅದೇ ವರ್ಷ, ಅಂದರೆ ಕೋಡಿ ಐದು ಸುತ್ತು ಇದ್ದ ವರ್ಷ, ಕಾಪುವಿನ ಒಂದು ಯುವಕ ಸಂಘದ ವಾರ್ಷಿಕೋತ್ಸವದಲ್ಲಿ ಅವರ ಐಟಂ ಮಾಡಿದೆ. ಚೌಕಳಿಯ ಬೆಡ್‌ಶೀಟನ್ನು ಸ್ಕಾಟ್ಲೆಂಡಿನ ಗಂಡಸರ ಲಂಗದ ಹಾಗೆ ಸುತ್ತಿಕೊಂಡು, ಎಡಗಾಲು ಎಳೆಯುತ್ತಾ ಬಂದೆ. ಮೂಗು ಹಿಡಿದು ಬ್ಯಾಗ್‌ಪೈಪ್ ಶಬ್ದ ಮಾಡಿದೆ. ಕೊನೆಗೆ ಪರದೆಯ ಹಿಂದೆ ಹೋಗಿ ಮೈಕಿಗೆ ತುಟಿ ಇಟ್ಟು, ಕೋಡಿಯ ಟ್ಯೂನನ್ನು ಸೀಟಿಯಲ್ಲಿ ಪೂರ್ತಿ ಬಾರಿಸಿದೆ. ಹಳೆಯ ಆರು ಸುತ್ತು, ಯಾಕೆಂದರೆ ಬಾಯಿಗೆ ಬಂದದ್ದು ಅದೇ. ಜನ ಬಿದ್ದು ಬಿದ್ದು ನಕ್ಕರು. ಫೋನುಗಳಲ್ಲಿ ಊರೆಲ್ಲ ಹರಿದಾಡಿತು. ಅವತ್ತಿನಿಂದ ಅವರು ದಾರಿಯಲ್ಲಿ ಹೋದರೆ ಹುಡುಗರು ಮೂಗು ಹಿಡಿದುಕೊಳ್ಳಲು ಶುರು ಮಾಡಿದರು.

ಅವರು ಎರಡನೇ ಸಾಲಿನಲ್ಲಿ ಕೂತು ನೋಡಿದ್ದರು. ಮರುದಿನ ಅಂಗಡಿಗೆ ಬಂದಾಗ ನಾನು ಸ್ಪೀಕರಿನ ಹಿಂದೆ ಅಡಗಲು ಜಾಗ ಹುಡುಕಿದೆ. ಅವರು ಹೇಳಿದ್ದು ಇಷ್ಟೇ: "ಕಾಲು ಚಂದ ಬಂದಿದೆ ಮಾರಾಯ. ನಾನೇ ನಡೆದ ಹಾಗೆ ಇತ್ತು. ಆದರೆ ಜಾಗದ ಹೆಸರು ಹೇಳ್ಲಿಲ್ಲ ನೀನು."

ಬೈದಿದ್ದರೆ ಆ ಬೈಗುಳವನ್ನೂ ಒಂದು ಐಟಂ ಮಾಡಿಕೊಳ್ಳುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ.

ನನ್ನ ಬೆಡ್‌ಶೀಟು ಸಂಯೋಜಕರ ಫೋನಿಗೂ ಮುಟ್ಟಿತು. ನಮ್ಮದಲ್ಲದ್ದು ಈಗ ಅವರಿಗೆ ವಿಶ್ವದ್ದಾಗಿ ಕಂಡಿತು. ಮಣಿಪಾಲದಲ್ಲಿ ವಿಶ್ವ ಸಂಗೀತ ಸಂಜೆಯೊಂದನ್ನು ಇಟ್ಟುಕೊಂಡು ಇವರನ್ನು ಕರೆದರು. ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಹೆಂಡತಿಯನ್ನೂ ಕರೆದುಕೊಂಡು, ಬಸ್ಸಿನಲ್ಲಿ ಬಂದರು. ಸೌಂಡ್ಸ್ ಮತ್ತೆ ನಮ್ಮದೇ. ಸ್ಟೇಜಿನ ಹಿಂದೆ ಸಂಯೋಜಕರು ಒಂದು ಪ್ಯಾಕೆಟ್ ಕೊಟ್ಟರು. ಒಳಗೆ ಚೌಕಳಿಯ ಲಂಗ, ಮೊಣಕಾಲಿನ ತನಕ ಬರುವ ಬಿಳಿ ಕಾಲುಚೀಲ.

"ಇದು ಎಂತದು?"

"ನಿಮ್ಮ ವೇಷ. ಪ್ರೇಕ್ಷಕರಿಗೆ ಆ ಪರಿಸರದ ಅನುಭವ ಆಗಬೇಕಲ್ಲ. ಹಿಂದೆ ಬೆಟ್ಟದ ದೃಶ್ಯ ಬರುತ್ತದೆ."

"ನಾನು ಹೆಜಮಾಡಿ ಕೋಡಿ ಊದುವುದು. ಅಲ್ಲಿ ಬೆಟ್ಟ ಇಲ್ಲ."

"ಹೆಸರು ಏನಾದರೂ ಇರಲಿ. ನಾವು ಸ್ಕಾಟಿಷ್ ಸಾಂಪ್ರದಾಯಿಕ ಎಂದು ಹಾಕಿದ್ದೇವೆ."

ಅವರ ಹೆಂಡತಿ ಪಕ್ಕದಲ್ಲೇ ನಿಂತಿದ್ದರು. ಆ ಲಂಗವನ್ನು ಎರಡು ಬೆರಳಿನಲ್ಲಿ, ಹಳಸಿದ ಬೂತಾಯಿ ಮೀನನ್ನು ಎತ್ತುವ ಹಾಗೆ ಎತ್ತಿ ನೋಡಿದರು. "ಮೊಣಕಾಲಿನ ಗಾಯ ಕಾಣ್ತದೆ ಇದರಲ್ಲಿ. ಅದನ್ನು ತೋರಿಸ್ಲಿಕ್ಕೆ ನನ್ನ ಗಂಡ ಬಂದದ್ದಲ್ಲ. ಹೋಗುವ ಬನ್ನಿ."

ಹೋದರು. ಹೋಗುವಾಗ ಕೊಳಲಿನವರು ನನ್ನ ಹತ್ತಿರ ನಿಂತು, ಸಂಯೋಜಕರ ಕೈಯಲ್ಲಿದ್ದ ಲಂಗ ನೋಡಿ, ನನ್ನ ಮುಖ ನೋಡಿದರು. ಅದು ನಿನ್ನ ಬೆಡ್‌ಶೀಟಲ್ವಾ ಅಂತ ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಸ್ಟೇಜು ಖಾಲಿ ಬಿದ್ದಾಗ ಆ ಹತ್ತು ನಿಮಿಷ ತುಂಬಿಸಿದವನು ಯಾರು ಗೊತ್ತಾ? ನಾನೇ. ಮಿಕ್ಸಿ ಮಾಡಿದೆ, ಬೆಕ್ಕು ಮಾಡಿದೆ. ಬೆಕ್ಕು ಅವತ್ತು ಬಹಳ ಚೆನ್ನಾಗಿ ಬಂತು.

ಈ ವರ್ಷ ಮಳೆಗಾಲದ ನಡುವೆ ಅವರು ಹೋದರು. ಜ್ವರ ಅಂತ ಮಲಗಿದರು, ಅಷ್ಟೆ. ಎರಡು ತಿಂಗಳು ಕಳೆದ ಮೇಲೆ ಸಂಯೋಜಕರು ಈ ನುಡಿನಮನ ಇಟ್ಟುಕೊಂಡರು. ಯಾವುದು ನಮ್ಮದಲ್ಲವೋ, ಯಾವುದು ಲಂಗ ಹಾಕದೆ ಸ್ಕಾಟ್ಲೆಂಡಿನದೂ ಅಲ್ಲವೋ, ಅದು ಸತ್ತ ಮೇಲೆ ಎರಡೂ ಆಗಿಬಿಟ್ಟಿತ್ತು.

ಭಾಷಣಗಳ ಕೊನೆಗೆ ಸಂಯೋಜಕರು ಹೇಳಿದರು: "ಅವರ ಕೋಡಿ ಎಂಬ ಕೃತಿಯ ಏಕೈಕ ಧ್ವನಿಮುದ್ರಣ ನಮಗೆ ದೊರೆತಿದೆ. ಇದೇ ಅಧಿಕೃತ ಪಾಠವಾಗಿ ಸಂಗ್ರಹದಲ್ಲಿ ಶಾಶ್ವತವಾಗಿ ಉಳಿಯಲಿದೆ." ನನಗೆ ಕೈಸನ್ನೆ ಮಾಡಿದರು. ಅವರು ಕೊಟ್ಟ ಫೈಲನ್ನು ನಾನು ಒತ್ತಿದೆ.

ಮೊದಲ ಉಸಿರಿಗೇ ಗೊತ್ತಾಯಿತು. ಅದು ಅವರಲ್ಲ, ನಾನು. ಯುವಕ ಸಂಘದ ಪರದೆಯ ಹಿಂದಿನ ನನ್ನ ತುಟಿ. ಯಾರೋ ಫೋನಿನಲ್ಲಿ ಹಿಡಿದದ್ದು, ಕೈಯಿಂದ ಕೈಗೆ ಹೋಗಿ, ನಗುವನ್ನು ಕತ್ತರಿಸಿ ತೆಗೆದು, ಸಾವಿನ ಮನೆಗೆ ಬಂದಿತ್ತು. ಎರಡೂ ಕಾಲು ಸರಿ ಇರುವವನ ತಾಳ. ಎಂದೋ ಸವೆದು ಹೋದ ವರ್ಷದ ಆರು ಸುತ್ತು. ಸಭೆ ತಲೆ ತಗ್ಗಿಸಿ ಕೇಳಿತು. ಯಾರೋ ಮೂಗು ಒರೆಸಿಕೊಂಡರು. "ಉಸಿರಿನಲ್ಲಿ ಎಂಥ ನೋವು" ಎಂದರು ಸಂಯೋಜಕರು. ನೋವಲ್ಲ ಸ್ವಾಮಿ, ಅದು ನಾನು ನಗು ತಡೆದುಕೊಂಡದ್ದು.

ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಮಾತ್ರ ತಿರುಗಿ, ಸೌಂಡ್ ಬಾಕ್ಸುಗಳ ನಡುವಿನಿಂದ ನನ್ನನ್ನು ನೋಡಿದರು.

ಸಭೆ ಮುಗಿದ ಮೇಲೆ ನೇರ ಸಂಯೋಜಕರ ಹತ್ತಿರ ಹೋಗಿ ಹೇಳಿದೆ. "ಸರ್, ಅದು ಅವರದಲ್ಲ. ನಾನು ಮಿಮಿಕ್ರಿ ಮಾಡಿದ್ದು."

ಅವರು ನಕ್ಕರು. ನನ್ನ ಮಾತಿಗೆ ಎಲ್ಲರೂ ಮೊದಲು ನಗುತ್ತಾರೆ. ನಾನು ಅಲ್ಲೇ ಒಂದು ಸಾಲು ಸೀಟಿ ಹಾಕಿ ತೋರಿಸಿದೆ. ಅವರ ನಗು ಸ್ವಲ್ಪ ಹೊತ್ತು ನಿಂತಿತು, ಮತ್ತೆ ಬಂತು. "ಯಾರಿಗೆ ಗೊತ್ತಾಗುತ್ತದೆ? ಚೆನ್ನಾಗಿ ಬಂದಿದೆಯಲ್ಲ, ಇರಲಿ. ಬೇಕಾದರೆ ಸಹಕಾರ ಎಂದು ನಿಮ್ಮ ಹೆಸರೂ ಹಾಕೋಣ."

"ಅದು ತಪ್ಪು ಸರ್. ಕೋಡಿ ಈಗ ಹಾಗೆ ಇಲ್ಲ."

"ಕೋಡಿ ಎಲ್ಲಿ ಹೋಗುತ್ತದೆ ಮಾರಾಯ್ರೆ?" ಎಂದು ಬೆನ್ನು ತಟ್ಟಿ ಕಾರು ಹತ್ತಿದರು.

ಜನಪದದ ಮೇಲೆ ಅಷ್ಟು ಭಾಷಣ ಮಾಡಿದವರಿಗೆ ಮರಳು ಜರುಗುತ್ತದೆ ಎಂದು ಗೊತ್ತಿಲ್ಲ. ಅವರ ಎತ್ತರದ ದನಿ, ಕನ್ನಡಕ ಸರಿಮಾಡುವ ರೀತಿ, ಎಲ್ಲ ನನಗೆ ಬಾಯಿಪಾಠ. ಮನಸ್ಸು ಮಾಡಿದರೆ ಮುಂದಿನ ಮೆಹಂದಿ ಕಾರ್ಯಕ್ರಮದಲ್ಲೇ ಅವರನ್ನು ಬಿಚ್ಚಿ ಹಾಸಬಹುದು. ಅವತ್ತು ಮೊದಲ ಸಲ ಅದರಿಂದ ಏನೂ ಆಗುವುದಿಲ್ಲ ಎನಿಸಿತು.

ಮರುದಿನ ಮಾರ್ಕೆಟ್ಟಿಗೆ ಹೋದೆ. ಅವರ ಹೆಂಡತಿ ಬಂಗುಡೆ ಜೋಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ನೀನಲ್ವಾ ಅದು?"

"ಹೌದು."

"ಅವರು ಇದ್ದಿದ್ರೆ ನಗ್ತಿದ್ರು. ನನಗೆ ನಗು ಬರುದಿಲ್ಲ. ನಾಳೆ ಯಾರಾದ್ರೂ ಅವರ ಟ್ಯೂನ್ ಯಾವುದು ಅಂತ ಕೇಳಿದ್ರೆ ನಿನ್ನ ಚೇಷ್ಟೆ ಕೇಳಿಸ್ತಾರೆ." ಒಂದು ಬಂಗುಡೆಯನ್ನು ಎತ್ತಿ ಬೇರೆ ಸಾಲಿಗೆ ಹಾಕಿದರು. "ಮಳೆ ಬಿಟ್ಟಿತು. ಈ ವರ್ಷ ಕೋಡಿ ಯಾರೂ ಅಳೀಲಿಲ್ಲ."

ಸೊಂಟದ ಚೀಲದಿಂದ ಆ ತಗಡಿನ ಕೊಳಲು ತೆಗೆದು, ಸೆರಗಿನಲ್ಲಿ ಒರೆಸಿ, ನನ್ನ ಮುಂದೆ ಹಿಡಿದರು. ಮೀನಿನ ವಾಸನೆ ಬರುತ್ತಿತ್ತು. "ತಗೋ. ಬೆಡ್‌ಶೀಟ್ ಬೇಡ."

ಭಾನುವಾರ ಬೆಳಿಗ್ಗೆ ಹೆಜಮಾಡಿಗೆ ಹೋದೆ. ಬಲೆಯ ಕೊಟ್ಟಿಗೆಯ ಕೊನೆಯ ಕಂಬಕ್ಕೆ ಬೆನ್ನು ತಾಗಿಸಿ ಹೊರಟೆ. ಇಪ್ಪತ್ತು ಹೆಜ್ಜೆಗೇ ತಪ್ಪು ಗೊತ್ತಾಯಿತು. ನನ್ನದು ಉದ್ದ ಕಾಲು, ದೊಡ್ಡ ಹೆಜ್ಜೆ. ನೂರಕ್ಕೆ ಒಂದು ಸುತ್ತು ಎಂಬ ಲೆಕ್ಕ ನನ್ನ ನೂರಕ್ಕಲ್ಲ, ಅವರ ನೂರಕ್ಕೆ. ವಾಪಸ್ ಬಂದೆ. ಬಲಗಾಲು ಚಿಕ್ಕದಾಗಿ ಊರಿದೆ, ಎಡಗಾಲು ಉದ್ದಕ್ಕೆ ಎಳೆದೆ, ಎಡ ಭುಜ ಸ್ವಲ್ಪ ತಗ್ಗಿಸಿದೆ. ಊರೆಲ್ಲ ನಕ್ಕ ಅದೇ ನಡಿಗೆ. ಅಲ್ಲಿ ನಗುವವರು ಯಾರೂ ಇರಲಿಲ್ಲ. ಮರಳಿನಲ್ಲಿ ಒಂದು ಚುಕ್ಕಿ, ಒಂದು ಗೆರೆ, ಒಂದು ಚುಕ್ಕಿ, ಒಂದು ಗೆರೆ ಬೀಳುತ್ತಾ ಹೋಯಿತು. ತಾಳ ತನ್ನಷ್ಟಕ್ಕೇ ಕಾಲಿಗೆ ಬಂತು.

ಐದು ಸುತ್ತು ಆಯಿತು. ಆರೂ ಆಯಿತು, ಆ ಅಧಿಕೃತ ಪಾಠ ಮುಗಿಯುವ ಜಾಗ. ಅಲ್ಲಿ ನೀರಿರಲಿಲ್ಲ. ಮುಂದೆ ಒಣ ಮರಳು. ಅದನ್ನು ನಂಬಿ ಬಂದ ಬೋಟು ಇಲ್ಲೇ ನೆಲ ಹತ್ತುತ್ತಿತ್ತು. ಏಳನೆಯ ನೂರು ಮುಗಿದು ಹದಿನಾಲ್ಕು ಹೆಜ್ಜೆಗೆ ಪಾದ ಒದ್ದೆಯಾಯಿತು. ಏಳನೇ ಸುತ್ತನ್ನು ಅವರು ಊದಿದ್ದನ್ನು ನಾನು ಕೇಳಿರಲಿಲ್ಲ. ಕೇಳದ್ದನ್ನು ನಾನು ಯಾವತ್ತೂ ಮಾಡಿದವನಲ್ಲ. ನೀರಿನಲ್ಲಿ ನಿಂತು, ಊದಿ, ತಪ್ಪಿ, ಉಗುಳಿ, ಮತ್ತೆ ಊದಿ, ಬಿಸಿಲು ಏರುವ ತನಕ ಅಲ್ಲೇ ಇದ್ದೆ.

ವಾಪಸ್ ಬಂದಾಗ ದೋಣಿಗಳ ನೆರಳಿನಲ್ಲಿ ಒಬ್ಬರು ವಯಸ್ಸಾದವರು ಬಲೆ ಹೊಲಿಯುತ್ತಿದ್ದರು. ನನ್ನ ಕಾಲು ಇನ್ನೂ ಎಳೆಯುತ್ತಲೇ ಇತ್ತು, ನಿಲ್ಲಿಸಲು ಮರೆತಿದ್ದೆ.

"ಹೆಜಮಾಡಿ ಕೋಡಿ, ಈ ವರ್ಷದ್ದು" ಎಂದೆ. ಕಟ್ಟಿದವರ ಹೆಸರನ್ನೂ ಹೇಳಿದೆ. ನನ್ನದಲ್ಲ, ಅವರದ್ದು.

ಊದಿದೆ. ಏಳನೇ ಸುತ್ತಿನಲ್ಲಿ ದನಿ ನಡುಗಿತು. ಮುಗಿದ ಮೇಲೂ ಅವರು ಸೂಜಿ ನಿಲ್ಲಿಸಲಿಲ್ಲ. ಒಂದು ಗಂಟು ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದರು.

"ಉದ್ದ ಸರಿ ಉಂಟು. ಆದರೆ ಕೊನೆಗೆ ಅದು ಸ್ವಲ್ಪ ಮೂಡಕ್ಕೆ ತಿರುಗಿದೆ. ನಿನ್ನದು ನೇರ ಹೋಯಿತು."

ನಾನು ಮತ್ತೆ ಕಂಬದ ಹತ್ತಿರ ಹೋಗಿ, ಬೆನ್ನು ತಾಗಿಸಿ, ಒಂದರಿಂದ ಎಣಿಸಲು ಶುರು ಮಾಡಿದೆ.